ಖಾಲಿಗೂ ಒಳ್ಳೆ ತಟ್ಟಿ

ಮೇಡಂ ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ತುದಿಯ ಚರ್ಮ ದಡ್ಡುಗಟ್ಟಿ, ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳಿನ ಹಾಗೆ ಹೊಳೆಯುತ್ತಿತ್ತು. ಆದರೆ ಅದು ಹತ್ತಿಯಿಂದ ಬಂದ ದಡ್ಡಲ್ಲ. ಪಿಪೆಟ್ಟು ಅಂತ ಒಂದು ಸಲಕರಣೆ, ದಪ್ಪ ಪೆನ್ನಿನಷ್ಟಿರುತ್ತದೆ. ಅದರ ತಲೆಯ ಗುಂಡಿ ಒತ್ತಿದರೆ ಒಂದು ಹನಿಯ ನೂರನೇ ಪಾಲನ್ನೂ ಎತ್ತಬಹುದು. ಅದನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಆ ಬೆರಳು ಹಾಗಾಗಿತ್ತು. ಅವರು ಯೋಚನೆಗೆ ಬಿದ್ದರೆ, ಕೈಯಲ್ಲಿ ಏನೂ ಇಲ್ಲದಿದ್ದರೂ, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕೆಳಗೆ ಮೇಲೆ ಆಡುತ್ತಿತ್ತು. ಮಾನ್ವಿಯ ಬಸ್ಸಿನಲ್ಲಿ ಒಮ್ಮೆ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅವರು ಕಿಟಕಿಗೆ ತಲೆಯಾನಿಸಿದ್ದರು, ಹೊರಗೆ ಭತ್ತದ ಗದ್ದೆಗಳು ಹಸಿರು ನೀರಿನಂತೆ ಹರಿದು ಹಿಂದೆ ಹೋಗುತ್ತಿದ್ದವು, ಅವರ ಬೆರಳು ಮಾತ್ರ ಕಾಣದ ಹನಿಗಳನ್ನು ಎತ್ತಿ ಕಾಣದ ಕುಳಿಗಳಿಗೆ ಇಳಿಸುತ್ತಲೇ ಇತ್ತು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ. ಅವರಿಗೆ ಕೇಳಿಸಲಿಲ್ಲ.

ನಾನು ದೇವದುರ್ಗದ ಕಡೆಯವನು. ಏಳನೇ ತರಗತಿಗೆ ಶಾಲೆ ಬಿಟ್ಟೆ. ರಾಯಚೂರಿಗೆ ಬಂದು ಐಸ್ ಫ್ಯಾಕ್ಟರಿಯಲ್ಲಿ ಉಪ್ಪುನೀರಿನ ತೊಟ್ಟಿಯ ಪಕ್ಕದಲ್ಲೇ ದೊಡ್ಡವನಾದೆ. ಅಲ್ಲಿಯ ಉಸ್ತಾದರು ಕಂಪ್ರೆಸರಿನ ವಿದ್ಯೆಯನ್ನೆಲ್ಲ ಧಾರೆಯೆರೆದರು. ಈಗ ಸ್ಟೇಷನ್ ರಸ್ತೆಯ ಒಳಗಲ್ಲಿಯಲ್ಲಿ ನನ್ನದೇ ಅಂಗಡಿ ಇದೆ. ಫ್ರಿಜ್ಜು, ಎ.ಸಿ., ಹಾಲಿನ ತೊಟ್ಟಿ, ಹೆಣದ ಪೆಟ್ಟಿಗೆ, ತಣ್ಣಗಿರಬೇಕಾದದ್ದು ಯಾವುದೇ ಕೆಡಲಿ, ಊರಿನವರು ನನ್ನನ್ನು ಕರೆಯುತ್ತಾರೆ. ಕೆಲಸದಲ್ಲಿ ಇನ್ನೊಬ್ಬರಿಂದ ಬೆರಳು ತೋರಿಸಿಕೊಂಡವನಲ್ಲ. ಹಿಂಬಾಗಿಲಿನಿಂದ ಯಾರ ಮನೆಗೂ ಹೋದವನಲ್ಲ.

ಮೇಡಂ ಕೆಲಸ ಮಾಡುತ್ತಿದ್ದ ಲ್ಯಾಬು ಊರ ಹೊರಗೆ, ಗುಡ್ಡದ ಬಂಡೆಗಳು ಶುರುವಾಗುವ ಕಡೆ, ಒಂದು ಹಳೆಯ ಎರಡಂತಸ್ತಿನ ಕಟ್ಟಡದಲ್ಲಿತ್ತು. ನಾನು ಮೊದಲು ಹೋದದ್ದು ಒಂದು ಬೇಸಿಗೆಯ ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಲ್ಲ, ರಸ್ತೆ ಮೆತ್ತಗಾಗಿ ಚಪ್ಪಲಿಯನ್ನು ಹಿಡಿದುಕೊಳ್ಳುತ್ತಿತ್ತು. ಲ್ಯಾಬಿನ ಮುಖ್ಯಸ್ಥರು, ಅವರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು, ಮೆಟ್ಟಿಲ ಮೇಲೆ ನಿಂತು ಕೈಬೀಸಿ, ಲೇ ಫ್ರಿಜ್ಜಿನಾಂವ, ಲಗೂ ಬಾ ಅಂತ ಕರೆದರು. ನಾನು ಹೊಸ್ತಿಲಲ್ಲಿ ಸಾಮಾನಿನ ಪೆಟ್ಟಿಗೆ ಇಳಿಸಿ ನಿಂತುಬಿಟ್ಟೆ. ಹೆಸರು ಹಿಡಿದು ಕರೆದರೆ ಒಳಗೆ ಬರುತ್ತೇನೆ ಎಂದೆ. ದೊಡ್ಡ ಸರ್ ಮುಖ ಕೆಂಪಗೆ ಮಾಡಿಕೊಂಡರು. ಆಗ ಒಳಗಿನಿಂದ ಒಂದು ಹೆಣ್ಣು ದನಿ ಬಂತು.

"ಮೇಸ್ತ್ರಿಯವರ, ಒಳಗ ಬರ್ರಿ. ನೀವು ಬಾಗಿಲಾಗ ನಿಂತು ಮಾನ ಕಾಯಾಕತ್ತೀರಿ, ಬಿಸಿಲು ನಿಮ್ಮ ಬೆನ್ನ ಹಿಂದಿಂದ ಒಳಗ ಬರಾಕತ್ತದ."

ನಗು ಬಂತು. ಹೋದೆ. ಗಿಡ್ಡನೆಯ ಹೆಣ್ಣುಮಗಳು, ನಲವತ್ತರ ಹತ್ತಿರ, ಕಪ್ಪು ದಾರದಲ್ಲಿ ಕಟ್ಟಿದ ಕನ್ನಡಕ, ಹೊರಗೆ ಬೆಂಕಿ ಸುರಿಯುತ್ತಿದ್ದರೂ ಸೊಂಟಕ್ಕೆ ಸುತ್ತಿಕೊಂಡ ಉಲ್ಲನ್ ಸ್ವೆಟರು. ತಣ್ಣನೆಯ ಕೋಣೆಗೆ ಹೋಗಿ ಬರುವವರಾದ್ದರಿಂದ ಅದು ಬೇಕಿತ್ತು. ಕೆಟ್ಟಿದ್ದು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿರುವ ಫ್ರೀಜರು. ಬಿಚ್ಚಬೇಕು, ಒಳಗಿನದನ್ನು ಖಾಲಿ ಮಾಡಿ ಎಂದೆ. ಅವರು ಒಪ್ಪಲಿಲ್ಲ. ಐಸಿನ ಪೆಟ್ಟಿಗೆ ತರಿಸುವ ತನಕ ಮುಟ್ಟಬೇಡಿ ಎಂದು ಅಡ್ಡ ನಿಂತರು. ಅದರಾಗೇನು ಬಂಗಾರ ಅದ ಏನ್ರಿ ಎಂದು ಕೇಳಿದೆ.

"ಬಂಗಾರ ಹುಡುಕಾಕತ್ತೀನಿ. ಇನ್ನಾ ಸಿಕ್ಕಿಲ್ಲ. ಮಣ್ಣು ಮಾತ್ರ ಅದ," ಎಂದರು. "ಆದರ ಆ ಮಣ್ಣು ಕರಗಿದ್ರ ಬಂಗಾರನೂ ಹೋತು."

ಬಾಗಿಲು ತೆಗೆದಾಗ ಬಿಳಿಯ ಮಂಜು ಇಳಿದು ನಮ್ಮ ಕಾಲುಗಳನ್ನು ಮುಚ್ಚಿತು. ಅಷ್ಟೂ ವರ್ಷ ಥಂಡಿಯಲ್ಲಿ ದುಡಿದ ನಾನೂ ಅಂಥದ್ದನ್ನು ಕಂಡಿರಲಿಲ್ಲ. ಆ ಮಂಜಿನಲ್ಲಿ ನಿಂತುಕೊಂಡೇ ನಾನು ನಮ್ಮ ಉಸ್ತಾದರ ಒಂದು ಮಾತು ಹೇಳಿದೆ. ಥಂಡಿಯನ್ನು ಯಾರೂ ಹುಟ್ಟಿಸಲಾರರು, ಒಳಗಿನ ಬಿಸಿಯನ್ನು ತೆಗೆದು ಹೊರಗೆ ಹಾಕುವುದಷ್ಟೇ ನಮ್ಮ ಕೆಲಸ, ಉಳಿದದ್ದೇ ಥಂಡಿ. ಮೇಡಂ ಕನ್ನಡಕ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಮ್ಮದೂ ಅದೇ ಕೆಲಸ, ನಾವೂ ಏನನ್ನೂ ಹುಟ್ಟಿಸುವುದಿಲ್ಲ, ಬೇಡಾದ್ದನ್ನು ತೊಳೆದು ತೊಳೆದು ಹಾಕುತ್ತೇವೆ ಎಂದರು. ಅವತ್ತಿನಿಂದ ನಾವು ಒಂದೇ ಕಸುಬಿನವರಂತೆ ಮಾತಾಡತೊಡಗಿದೆವು.

ಅವರು ಹುಡುಕುತ್ತಿದ್ದದ್ದು ಏನೆಂದು ನನಗೆ ಒಂದೇ ದಿನದಲ್ಲಿ ತಿಳಿಯಲಿಲ್ಲ. ಆ ಹಳೆಯ ಮಶಿನ್ನು ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತಿತ್ತು, ನಾನು ಹೋಗುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಸ್ವಲ್ಪ ಸ್ವಲ್ಪ ಹೇಳುತ್ತಿದ್ದರು. ಹಾವಿನ ವಿಷದಲ್ಲಿ ಪ್ರೋಟೀನುಗಳಿರುತ್ತವೆ. ಅದರಲ್ಲಿ ಕೊಳಕುಮಂಡಲದ್ದೇ ಆದ ಒಂದು ಪ್ರೋಟೀನು. ಅದನ್ನು ಮಾತ್ರ ಹಿಡಿಯುವ, ಬೇರೆ ಯಾವುದನ್ನೂ ಹಿಡಿಯದ, ಒಂದು ಸಣ್ಣ ಕೊಂಡಿ ಬೇಕಿತ್ತು. ಆ ಕೊಂಡಿಯ ಹೆಸರು ಪೆಪ್ಟೈಡು. ನನಗೆ ತಿಳಿಯಲಿ ಎಂದು ಅವರು ಅದನ್ನು ಮಣಿಸರ ಎನ್ನುತ್ತಿದ್ದರು. ಇಪ್ಪತ್ತು ಬಣ್ಣದ ಮಣಿಗಳಿವೆ ಎಂದಿಟ್ಟುಕೊಳ್ಳಿ, ಹನ್ನೆರಡು ಮಣಿ ಪೋಣಿಸಿದರೆ ಒಂದು ಸರ. ಎಷ್ಟು ಥರ ಪೋಣಿಸಬಹುದು? ಲೆಕ್ಕ ಆಕಾಶಕ್ಕೆ ಹೋಗುತ್ತದೆ. ಅದರಲ್ಲಿ ಕೋಟಿ ಕೋಟಿ ಸರಗಳನ್ನು ಒಂದು ಹನಿ ನೀರಿನಲ್ಲಿಟ್ಟು ಮಾರುತ್ತಾರೆ. ಒಂದೊಂದು ಸರವೂ ಒಂದೊಂದು ವೈರಸ್ಸಿನ ಕೊರಳಲ್ಲಿರುತ್ತದೆ. ನಮಗೆ ತೊಂದರೆ ಕೊಡುವ ವೈರಸ್ ಅಲ್ಲ ಅದು, ಬ್ಯಾಕ್ಟೀರಿಯಾದೊಳಗೆ ಬಾಳುವ ಬಡಪಾಯಿ.

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಪಡ್ಡಿನ ಹಂಚಿನಂತೆ ಸಣ್ಣ ಸಣ್ಣ ಕುಳಿಗಳು. ಕುಳಿಯ ತಳಕ್ಕೆ ವಿಷದ ಪ್ರೋಟೀನನ್ನು ಸವರಿರುತ್ತಾರೆ. ಅದರ ಮೇಲೆ ಆ ಕೋಟಿ ಸರಗಳ ಹನಿಯನ್ನು ಬಿಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತಾರೆ. ಹಿಡಿದದ್ದು ಉಳಿಯುತ್ತದೆ, ಹಿಡಿಯದ್ದು ಹರಿದು ಹೋಗುತ್ತದೆ. ಉಳಿದವನ್ನು ಹುಳಿನೀರಿನಿಂದ ಬಿಡಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಮತ್ತೆ ಅದೇ ವಿಷದ ಮೇಲೆ ಬಿಟ್ಟು ಮತ್ತೆ ಇನ್ನೂ ಜೋರಾಗಿ ತೊಳೆಯುತ್ತಾರೆ. ಮೂರು ನಾಲ್ಕು ಸುತ್ತು. ಕಡೆಗೆ ಗಟ್ಟಿಗರು ಮಾತ್ರ ಉಳಿಯಬೇಕು.

"ಅಕ್ಕಿ ತೊಳದಂಗ ಅಲ್ರಿ," ಎನ್ನುತ್ತಿದ್ದರು. "ಅಕ್ಕಿ ತೊಳದ್ರ ಅಕ್ಕಿ ಉಳೀತದ, ಕಸ ಹೋಗ್ತದ. ಇಲ್ಲಿ ಮೂಟಿಗಟ್ಲೆ ಅಕ್ಕಿ ಹೋಗಿ ಒಂದು ಕಲ್ಲಿನ ಹಳ್ಳು ಉಳೀತದ. ಆ ಹಳ್ಳೇ ನಮಗ ಬೇಕು."

ಉಳಿದವನ್ನು ಎಣಿಸುವ ದಿನ ಅವರು ಮಗುವಿನಂತಾಗುತ್ತಿದ್ದರು. ದುಂಡಗಿನ ಗಾಜಿನ ತಟ್ಟೆಯೊಂದರಲ್ಲಿ ಬೆಳೆಸಿದ ವೈರಸ್ಸುಗಳು ಒಂದೊಂದೂ ಒಂದೊಂದು ನೀಲಿ ಚುಕ್ಕೆಯಾಗಿ ಮೂಡಿರುತ್ತಿದ್ದವು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆಯುತ್ತಿದ್ದರು. ಒಂದೊಂದು ಚುಕ್ಕೆ ಒಂದೊಂದು ಮನೆತನ ಎನ್ನುತ್ತಿದ್ದರು, ಒಬ್ಬನೇ ಹಿರೀಕನಿಂದ ಹುಟ್ಟಿದ ಊರು. ನಾನು ಆ ನೀಲಿ ಆಕಾಶವನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ಹೊರಗೆ ಬಂಡೆಗಳು ಬಿಸಿಲಿಗೆ ನಡುಗುತ್ತಿದ್ದವು. ನನ್ನ ಎದುರಿಗೆ ಅಂಗೈಯಗಲದ ರಾತ್ರಿ.

ಆ ದಿನಗಳಲ್ಲಿ ನನಗೊಂದು ಕನಸು ಬೀಳುತ್ತಿತ್ತು. ತುಂಗಭದ್ರೆಯ ಕಾಲುವೆ ತುಂಬಿ ಹರಿಯುತ್ತಿದೆ. ಅದರ ತುಂಬ ನೀರಿಲ್ಲ, ಬಣ್ಣ ಬಣ್ಣದ ಮಣಿಸರಗಳು. ನಾಟಿ ಹಚ್ಚುವ ಹೆಣ್ಣುಮಕ್ಕಳು ಸೀರೆ ಮೇಲೆ ಕಟ್ಟಿ ಸಾಲಾಗಿ ನಿಂತಿದ್ದಾರೆ. ಸರಗಳು ಅವರ ಮೊಣಕಾಲನ್ನು ಸವರಿ, ತಡವರಿಸಿ, ಬಿಟ್ಟು ಮುಂದೆ ಹೋಗುತ್ತಿವೆ. ಎಲ್ಲೋ ಒಂದು ಮಾತ್ರ ಹೋಗದೆ ಒಬ್ಬಳ ಕಾಲನ್ನು ಹಿಡಿದುಕೊಂಡು ನಿಂತಿದೆ. ಅವಳು ಯಾರೆಂದು ಬಗ್ಗಿ ನೋಡುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಮೇಡಂಗೆ ಹೇಳಿದಾಗ ಅವರು ನಗಲಿಲ್ಲ. ಅದು ನಮ್ಮವ್ವ ಇರಬೇಕು ಎಂದರು.

ಅವರ ಊರು ಹಿರೇಕೊಟ್ನೆಕಲ್. ಕೂಲಿ ಮಾಡಿ ಬದುಕಿದ ಬೌದ್ಧ ಕುಟುಂಬ. ಅಣ್ಣ ಮಾನ್ವಿಯಲ್ಲಿ ಮಾಸ್ತರು, ತಾಯಿ ಮತ್ತು ಮೇಡಂ ಅವರ ಜೊತೆಗೇ ಇದ್ದರು. ಮೇಡಂ ಸಣ್ಣವರಿದ್ದಾಗ ನಾಟಿ ಗದ್ದೆಯಲ್ಲಿ ತಾಯಿಯ ಕಾಲಿಗೆ ಏನೋ ಕಡಿಯಿತು. ಹಾವೋ, ಏಡಿಯೋ, ಮುಳ್ಳೋ ಯಾರಿಗೂ ಕಾಣಲಿಲ್ಲ. ನಮ್ಮ ಕಡೆ ರೂಢಿ ಒಂದಿದೆ. ಬೇವಿನ ಎಲೆ ತಿನ್ನಿಸುತ್ತಾರೆ. ಕಹಿ ಹತ್ತಿದರೆ ವಿಷ ಏರಿಲ್ಲ ಎಂದು ಲೆಕ್ಕ. ತಾಯಿ ಎಲೆ ಅಗಿದು ಕಹಿ ಅದ ಎಂದರು. ಎಲ್ಲರೂ ಸಮಾಧಾನವಾಗಿ ಗದ್ದೆಗೆ ಇಳಿದರು, ತಾಯಿಯೂ ಇಳಿದರು. ಸಂಜೆಯ ಹೊತ್ತಿಗೆ ಕಾಲು ಕಂಬವಾಗಿ ಒಸಡಿನಿಂದ ರಕ್ತ ಬಂತು. ಜೀವ ಉಳಿಯಿತು. ಮೀನಖಂಡ ಮಾತ್ರ ಸುಟ್ಟ ಕಟ್ಟಿಗೆಯಂತೆ ಒಣಗಿ ನಿಂತಿತು.

ಮೇಡಂ ಬಯಸಿದ್ದು ಇಷ್ಟೇ. ಬಾಗಲವಾಡ, ಮಲ್ಲಟದಂಥ ಊರಿನ ಸಣ್ಣ ದವಾಖಾನೆಯಲ್ಲೂ ಒಂದು ಕಾಗದದ ಪಟ್ಟಿ ಇರಬೇಕು. ಅದರ ಮೇಲೆ ಒಂದು ಹನಿ ರಕ್ತ ಬಿಟ್ಟರೆ ಗೆರೆ ಮೂಡಬೇಕು, ಇಲ್ಲವೇ ಮೂಡಬಾರದು. ವಿಷ ಏರಿದೆಯೋ ಇಲ್ಲವೋ ಎಂದು ಬೇವಿನ ಎಲೆಯನ್ನು ಯಾರೂ ಕೇಳಬಾರದು. ಆ ಗೆರೆ ಮೂಡಲು ವಿಷವನ್ನು ಹಿಡಿಯುವ ಮಣಿಸರ ಬೇಕಿತ್ತು.

ಅವರಿಗೆ ಒಂದು ಗುಣವಿತ್ತು. ಏನನ್ನೂ ಹಾಳು ಮಾಡುತ್ತಿರಲಿಲ್ಲ. ಒಗ್ಗರಣಿ-ಮಿರ್ಚಿ ಕಟ್ಟಿ ತಂದ ಕಾಗದದ ಎಣ್ಣೆ ಹತ್ತದ ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕೈಗವಸನ್ನು ಒಳಗು ಹೊರಗು ಮಾಡಿ ಒಣಗಿಸಿ ಧೂಳು ಒರೆಸಲು ಇಡುತ್ತಿದ್ದರು. ಅವರ ಮನೆಯಲ್ಲಿ ಒಂದೇ ಒಂದು ಹೊಳೆಯುವ ಸ್ಟೀಲಿನ ತಟ್ಟೆ ಇತ್ತಂತೆ, ಬೀಗರು ಬಂದರೆ ಮಾತ್ರ ಕೆಳಗಿಳಿಯುತ್ತಿತ್ತು, ಮನೆಯವರಿಗೆ ಅಲ್ಯೂಮಿನಿಯಮ್ಮಿನ ಸೊಟ್ಟ ಜರ್ಮನ್ ತಟ್ಟೆಗಳು. ಲ್ಯಾಬಿನಲ್ಲೂ ಅವರು ಅದೇ ರೂಢಿ ನಡೆಸಿದ್ದರು. ಕುಳಿಗಳ ಆ ಪ್ಲಾಸ್ಟಿಕ್ ತಟ್ಟೆಗಳು ತುಟ್ಟಿ. ಹೊಸ ಪೆಟ್ಟಿಗೆಯ ಒಳ್ಳೆಯ ತಟ್ಟೆಗಳನ್ನು ವಿಷ ಸವರಿದ ಕುಳಿಗಳಿಗೆ ಮೀಸಲಿಟ್ಟಿದ್ದರು. ತಾಳೆ ನೋಡಲು ಏನೂ ಸವರದ ಖಾಲಿ ಕುಳಿಗಳೂ ಬೇಕಲ್ಲ, ಅದಕ್ಕೆ ಮೊದಲು ಯಾರೋ ಬಿಟ್ಟುಹೋದ ಬೇರೆ ಕಂಪನಿಯ ಹಳೆಯ ತಟ್ಟೆಗಳು. ಅವರ ಕೈಕೆಳಗೆ ಒಬ್ಬ ವಿದ್ಯಾರ್ಥಿನಿ ಇದ್ದಳು, ಹಣ್ಣಿನ ವ್ಯಾಪಾರಿಯ ಮಗಳು, ಮನೆಯಲ್ಲಿ ದಖನಿ ಮಾತಾಡುವವಳು. ಅವಳು ಮರೆತು ಹೊಸ ತಟ್ಟೆಗೆ ಕೈಹಾಕಿದರೆ ಮೇಡಂ ತಡೆಯುತ್ತಿದ್ದರು.

"ಖಾಲಿಗೆ ಯಾಕವ್ವಾ ಒಳ್ಳೆ ತಟ್ಟಿ?"

ನಾವೆಲ್ಲ ನಗುತ್ತಿದ್ದೆವು. ನನಗೂ ಆ ಮಾತು ಸರಿಯೆನಿಸಿತ್ತು.

ಎರಡು ವರ್ಷದ ತೊಳೆಯುವಿಕೆಯ ಕೊನೆಗೆ ಒಂದು ಸರ ಗೆದ್ದಿತು. ಎಷ್ಟು ತೊಳೆದರೂ ಬಿಡದು. ಅದನ್ನು ಹಾಕಿ, ತೊಳೆದು, ಸರ ಉಳಿದಲ್ಲಿ ಮಾತ್ರ ಬಣ್ಣ ಬರಿಸುವ ಒಂದು ದ್ರವ ಬಿಟ್ಟರೆ ವಿಷದ ಕುಳಿಗಳು ಹಳದಿಯಾಗಿ ಹೊಳೆಯುತ್ತಿದ್ದವು, ಖಾಲಿ ಕುಳಿಗಳು ನೀರಿನಂತೆ ತಿಳಿಯಾಗಿರುತ್ತಿದ್ದವು. ದೊಡ್ಡ ಸರ್ ಪೇಡೆ ಹಂಚಿದರು. ನನಗೂ ಹೆಸರು ಹಿಡಿದು ಕರೆದು ಕೊಟ್ಟರು. ಯೋಜನೆಗೆ ಹಣ ಕೊಟ್ಟಿದ್ದ ಬೆಂಗಳೂರಿನ ಹಿರಿಯರು ಮುಂದಿನ ವಾರ ನೋಡಲು ಬರುವುದೆಂದು ನಿಶ್ಚಯವಾಯಿತು. ಅವರು ಮೆಚ್ಚಿದರೆ ಕೆಲಸ ಇನ್ನೂ ಮೂರು ವರ್ಷ ನಡೆಯುತ್ತಿತ್ತು, ಪಟ್ಟಿಯೂ ಆಗುತ್ತಿತ್ತು. ಮೆಚ್ಚದಿದ್ದರೆ ಕೋಣೆಗೆ ಬೀಗ.

ಅವರು ಬರುವ ಎರಡು ದಿನ ಮೊದಲು ಎ.ಸಿ. ತೊಳೆಯಲು ನನ್ನನ್ನು ಕರೆಸಿದ್ದರು. ನಾನು ಏಣಿಯ ಮೇಲಿದ್ದೆ. ವಿದ್ಯಾರ್ಥಿನಿ ಕಪಾಟು ತಡಕಿ, ಹಳೆಯ ತಟ್ಟೆಗಳು ಮುಗಿದಿವೆ ಎಂದಳು. ಮೇಡಂ ಒಂದು ಕ್ಷಣ ತಡೆದು, ಆಗಲಿ, ಇದೊಂದು ಸಲ ಖಾಲಿಗೂ ಹೊಸದರಲ್ಲೇ ಹಾಕು ಎಂದರು. ನಾನು ಜಾಲರಿ ಉಜ್ಜುತ್ತಿದ್ದೆ. ಎರಡನೇ ಎ.ಸಿ.ಗೆ ಬರುವ ಹೊತ್ತಿಗೆ ಕೆಳಗೆ ಅವರ ಕೆಲಸ ಮುಗಿದಿತ್ತು. ಬಗ್ಗಿ ನೋಡಿದರೆ ಮೇಡಂ ತಟ್ಟೆಯನ್ನು ಕಿಟಕಿಗೆ ಹಿಡಿದು ನಿಂತಿದ್ದಾರೆ. ವಿಷದ ಕುಳಿಗಳು ಹಳದಿ. ಪಕ್ಕದ ಖಾಲಿ ಕುಳಿಗಳೂ ಅಷ್ಟೇ ಹಳದಿ.

ನನಗೆ ಅರ್ಥವಾಗಲಿಲ್ಲ. ಎಲ್ಲಾ ಚಲೋ ಬಂದದಲ್ರಿ ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗದೆ ಹೇಳಿದರು. "ಇದು ವಿಷ ಹಿಡದಿಲ್ಲ ಮೇಸ್ತ್ರಿಯವರ. ತಟ್ಟಿ ಹಿಡದದ."

ಆಮೇಲೆ ನಿಧಾನಕ್ಕೆ ತಿಳಿಯಿತು. ಎರಡು ವರ್ಷ ಅವರು ತೊಳೆದು ತೊಳೆದು ಆರಿಸಿದ ಸರಕ್ಕೆ ವಿಷದ ಗೊಡವೆಯೇ ಇರಲಿಲ್ಲ. ಅದು ಹೊಸ ತಟ್ಟೆಯ ಪ್ಲಾಸ್ಟಿಕ್ಕಿಗೆ ಅಂಟುತ್ತಿತ್ತು. ಹಳೆಯ ತಟ್ಟೆಯ ಪ್ಲಾಸ್ಟಿಕ್ಕು ಬೇರೆ ಜಾತಿಯದು, ಅದಕ್ಕೆ ಅಂಟುತ್ತಿರಲಿಲ್ಲ. ಹಾಗಾಗಿ ಖಾಲಿ ಕುಳಿಗಳು ಪ್ರತಿ ಸಲವೂ ತಿಳಿಯಾಗಿ ಕಂಡು ಎಲ್ಲರನ್ನೂ ನಂಬಿಸಿದ್ದವು. ಬೀಗರಿಗೊಂದು ತಟ್ಟೆ, ಮನೆಯವರಿಗೊಂದು ತಟ್ಟೆ ಎಂಬ ಬಡವರ ಮನೆಯ ರೂಢಿ ಅಲ್ಲಿಗೆ ತಂದು ನಿಲ್ಲಿಸಿತ್ತು. ಸಿರಿವಂತರ ಮನೆಯಲ್ಲಿ ಹುಟ್ಟಿದವರು ಆ ತಪ್ಪು ಮಾಡುತ್ತಿರಲಿಲ್ಲ. ಅವರು ಖಾಲಿಗೂ ಹೊಸದನ್ನೇ ಹಾಕಿ, ಮೊದಲ ತಿಂಗಳಲ್ಲೇ ಸುಳ್ಳನ್ನು ಕಂಡುಬಿಡುತ್ತಿದ್ದರು.

ದೊಡ್ಡ ಸರ್ ಬಂದರು. ಅವರು ಕೆಟ್ಟ ಮನುಷ್ಯರಲ್ಲ. ಲ್ಯಾಬನ್ನು ನಡೆಸಿ ನಡೆಸಿ ದಣಿದವರು. ನಾನು ಏಣಿಯ ಮೇಲೆಯೇ ಇದ್ದೆ, ಇಳಿಯಲು ಹೊತ್ತಲ್ಲ ಎಂದು ಸುಮ್ಮನೆ ಜಾಲರಿ ಉಜ್ಜುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು, ನಾಡಿದ್ದಿಗೆ ಹಳೆಯ ಥರದ ತಟ್ಟೆ ಹೇಗಾದರೂ ತರಿಸೋಣ, ಮೊದಲಿನಂತೆಯೇ ತೋರಿಸೋಣ, ಯಾರೂ ಕೇಳುವುದಿಲ್ಲ, ಮೂರು ವರ್ಷ ಸಿಕ್ಕ ಮೇಲೆ ಸರಿಪಡಿಸಿಕೊಳ್ಳಲು ಬೇಕಾದಷ್ಟು ಸಮಯವಿದೆ. ನಿಮ್ಮ ತಾಯಿಯ ಕಾಲಿಗಾಗಿಯಾದರೂ ಈ ಕೆಲಸ ನಿಲ್ಲಬಾರದಲ್ಲ ಎಂದರು.

ಮೇಡಂ ಅವರ ಹೆಬ್ಬೆರಳು ಆಡುತ್ತಿತ್ತು. ಆಮೇಲೆ ನಿಂತಿತು.

"ಅಂಟೋದು ಬ್ಯಾರೆ ಸರ್, ಹಿಡಿಯೋದು ಬ್ಯಾರೆ," ಎಂದರು. "ಇದನ್ನ ಪಟ್ಟಿ ಮಾಡಿ ಊರಿಗೆ ಕಳಿಸಿದ್ರ, ಮುಳ್ಳು ಚುಚ್ಚಿದವರಿಗೂ ಗೆರಿ ಮೂಡ್ತದ, ಹಾವು ಕಡದವರಿಗೂ ಗೆರಿ ಮೂಡ್ತದ. ಆಗ ಜನ ಪಟ್ಟಿ ಬಿಸಾಕಿ ಬೇವಿನ ಗಿಡಕ್ಕ ಹೋಗ್ತಾರ. ತಪ್ಪು ಅವರದಲ್ಲ."

ಹಿರಿಯರು ಬಂದ ದಿನ ಅವರು ಮೊದಲು ತೋರಿಸಿದ್ದೇ ಆ ಹಳದಿಯಾದ ಖಾಲಿ ಕುಳಿಗಳನ್ನು. ಇದು ನನ್ನ ಉಳಿತಾಯದ ಬುದ್ಧಿಯ ಫಲ ಎಂದು ಒಂದೇ ಮಾತಿನಲ್ಲಿ ಮುಗಿಸಿದರಂತೆ. ಹಿರಿಯರು ಕೈಕುಲುಕಿ ಮೆಚ್ಚಿದರು. ಮೆಚ್ಚಿ ಯೋಜನೆಯನ್ನು ನಿಲ್ಲಿಸಿದರು. ಮೇಡಂ ಅವರ ಸಂಬಳ ಆ ತಿಂಗಳಿಗೆ ನಿಂತಿತು. ಬೇರೆಯವರ ಕೆಲಸ ಬರುವ ತನಕ ಕೋಣೆಯನ್ನೂ ಫ್ರೀಜರನ್ನೂ ಬಳಸಿಕೊಳ್ಳಲಿ ಎಂದು ದೊಡ್ಡ ಸರ್ ಬಿಟ್ಟುಕೊಟ್ಟರು. ಅದಕ್ಕಾಗಿ ನಾನು ಅವರ ಹಳೆಯ 'ಲೇ'ಯನ್ನು ಮನ್ನಿಸಿದ್ದೇನೆ.

ಬೆಳಿಗ್ಗೆ ಮಾನ್ವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಿ, ಮಧ್ಯಾಹ್ನದ ಬಸ್ಸಿಗೆ ರಾಯಚೂರಿಗೆ ಬಂದು, ಅವರು ಮೊದಲ ಹನಿಯಿಂದ ಮತ್ತೆ ಶುರುಮಾಡಿದರು. ಕೆಲವರು ಹಾದಿಯಲ್ಲಿ ಕೇಳುತ್ತಿದ್ದರು, ಏನ್ ಮೇಡಂ, ಇನ್ನಾ ತೊಳೆಯಾಕತ್ತೀರೇನು ಅಂತ. ಹೌದ್ರಿ, ಕೊಳೆ ಭಾಳ ಅದ ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಈ ಸಲ ದಾರಿ ಬೇರೆ. ಕೋಟಿ ಸರಗಳ ಹನಿಯನ್ನು ನೇರ ವಿಷದ ಮೇಲೆ ಬಿಡುವುದಿಲ್ಲ. ಮೊದಲು ಏನೂ ಸವರದ ಖಾಲಿ ತಟ್ಟೆಯ ಮೇಲೆ ಬಿಡುತ್ತಾರೆ. ತಟ್ಟೆಗೆ ಅಂಟುವ ಗಿರಾಕಿಗಳೆಲ್ಲ ಅಲ್ಲೇ ಅಂಟಿಕೊಳ್ಳಲಿ. ಅಂಟದೆ ತೇಲಿ ಉಳಿದವನ್ನು ಮಾತ್ರ ಎತ್ತಿ ವಿಷದ ಕುಳಿಗೆ ಒಯ್ಯುತ್ತಾರೆ. ಆ ಖಾಲಿ ತಟ್ಟೆ ಪೆಟ್ಟಿಗೆಯಲ್ಲಿನ ಅತ್ಯಂತ ಒಳ್ಳೆಯ ತಟ್ಟೆ. ವಿದ್ಯಾರ್ಥಿನಿ ಕೀಟಲೆ ಮಾಡುತ್ತಿದ್ದಳು, ಈಗ ಖಾಲಿಗೇ ಬೀಗರ ಮರ್ಯಾದಿ ಆಗ್ಯದ ಅಂತ.

ನಾನು ಹೋಗುತ್ತಲೇ ಇದ್ದೆ. ಫ್ರೀಜರು ಕೆಡದಿದ್ದರೂ ಹೋಗುತ್ತಿದ್ದೆ. ಆ ಕೋಣೆಯಲ್ಲಿ ಹೊತ್ತು ಹೊರಗಿನಂತೆ ನಡೆಯುತ್ತಿರಲಿಲ್ಲ. ಮಶಿನ್ನಿನ ಗುಂಯ್ ಶಬ್ದ, ಕಾಲ ಬಳಿ ಸುಳಿಯುವ ಮಂಜು, ಕಿಟಕಿಯಲ್ಲಿ ಒಂದೊಂದೇ ನೀಲಿ ಚುಕ್ಕೆ. ಮೇಡಂ ತೊಳೆಯುತ್ತಿರುತ್ತಾರೆ, ಹೊರಗೆ ತೊಗರಿ ಹೂ ಬಿಡುತ್ತದೆ, ಮುಗಿಯುತ್ತದೆ, ಅವರು ಇನ್ನೂ ತೊಳೆಯುತ್ತಿರುತ್ತಾರೆ. ಎಲ್ಲವನ್ನೂ ಹರಿಯಬಿಟ್ಟು ಏನು ಉಳಿಯುತ್ತದೆ ಎಂದು ಕಾಯುವ ಕೆಲಸ. ಅಲ್ಲಿ ಸ್ಟೂಲಿನ ಮೇಲೆ ಕೂತರೆ ನನಗೆ ನನ್ನ ಬದುಕೂ ಹಾಗೇ ತೋರುತ್ತಿತ್ತು. ನನ್ನಿಂದ ಏನೇನೋ ಹರಿದು ಹೋಗಿತ್ತು, ಶಾಲೆ, ಊರು, ಜೊತೆಯವರು. ಕೈಯ ಕಸುಬು ಒಂದು ಉಳಿದಿತ್ತು.

ಈ ಸಲ ಉಳಿದ ಚುಕ್ಕೆಗಳು ಕಡಿಮೆ. ಅದರಲ್ಲೊಂದನ್ನು ಆರಿಸಿ ಬೆಳೆಸಿ ಕುಳಿಗೆ ಹಾಕುವ ದಿನ ಬಂತು. ಮೋಡ ಕಟ್ಟಿದ ಮಧ್ಯಾಹ್ನ, ಬಂಡೆಗಳ ಮೇಲೆ ಗೋಧಿ ಬಣ್ಣದ ಬೆಳಕು. ನನಗೆ ಫೋನ್ ಬಂತು. ಮಶಿನ್ ಕೆಟ್ಟಿದೆಯೇ ಎಂದೆ. ಇಲ್ಲ, ಸುಮ್ಮನೆ ಬರ್ರಿ ಎಂದರು.

ಒಂದು ಸಾಲಿನಲ್ಲಿ ಎಂಟು ಕುಳಿ. ಕೆಲವಕ್ಕೆ ಕೊಳಕುಮಂಡಲದ ವಿಷ ಸವರಿತ್ತು, ಕೆಲವು ಖಾಲಿ, ಒಂದಕ್ಕೆ ನಾಗರಹಾವಿನ ವಿಷ. ಎಲ್ಲಾ ಹೊಸ ತಟ್ಟೆಯದೇ. ಯಾವುದು ಎಲ್ಲಿದೆ ಎಂದು ವಿದ್ಯಾರ್ಥಿನಿಗೆ ಮಾತ್ರ ಗೊತ್ತು. ಅವಳು ಮೇಡಂಗೂ ಹೇಳದೆ ಅಡ್ಡಾದಿಡ್ಡಿ ಹಾಕಿದ್ದಳು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ನನ್ನ ಕಣ್ಣಾಗ ಆಸಿ ಅದ ಮೇಸ್ತ್ರಿಯವರ. ಆಸಿ ಇದ್ದ ಕಣ್ಣು ನೀರನ್ನೂ ಹಳದಿ ಅಂತದ. ನಿಮ್ಮ ಕಣ್ಣು ಕೊಡ್ರಿ," ಎಂದರು.

ನನಗೂ ಆಸೆ ಇತ್ತು. ಆದರೆ ಯಾವ ಕುಳಿ ಹಳದಿಯಾದರೆ ಒಳ್ಳೆಯದು ಎಂಬುದು ತಿಳಿಯದವನ ಆಸೆ, ಅದಕ್ಕೆ ದಾರಿ ಗೊತ್ತಿರಲಿಲ್ಲ. ಅವರು ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ನಿಂತರು. ನಾನು ತಟ್ಟೆಯನ್ನು ಕಿಟಕಿಗೆ ಹಿಡಿದೆ. ಎಷ್ಟೋ ಜನ ನನ್ನ ಕೈಗೆ ಕೆಲಸ ಕೊಟ್ಟಿದ್ದಾರೆ. ನನ್ನ ಕಣ್ಣಿಗೆ ಕೆಲಸ ಕೊಟ್ಟವರು ಅವರೊಬ್ಬರೇ. ಕಾಣಿಸಿದ್ದನ್ನು ಕಾಣಿಸಿದ ಹಾಗೆ ಒಂದೊಂದಾಗಿ ಹೇಳಿದೆ. ನೀರು. ನೀರು. ಹಳದಿ, ಬಹಳ ತಿಳಿ ಹಳದಿ, ಕುಸುಬಿ ಹೂವು ಆಗತಾನೆ ಬಿರಿದಾಗ ಇರುತ್ತದಲ್ಲ, ಹಾಗೆ. ನೀರು. ಹಳದಿ. ನೀರು. ಹಳದಿ. ಕೊನೆಯದರ ಮುಂದೆ ಬಹಳ ಹೊತ್ತು ನಿಂತೆ. ಮೋಡ ಸರಿಯುವ ತನಕ ಕಾದೆ. ನೀರು ಎಂದೆ.

ವಿದ್ಯಾರ್ಥಿನಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಹಳದಿ ಎಂದದ್ದೆಲ್ಲ ಕೊಳಕುಮಂಡಲ. ನೀರು ಎಂದದ್ದೆಲ್ಲ ಖಾಲಿ, ಒಂದು ನಾಗರ. ಖಾಲಿಯು ಖಾಲಿಯಾಗಿಯೇ ಉಳಿದಿತ್ತು.

ಮೇಡಂ ತಿರುಗಿ ಕನ್ನಡಕ ಹಾಕಿಕೊಂಡು ತಾವೂ ನೋಡಿದರು. ಕುಣಿಯಲಿಲ್ಲ, ಪೇಡೆ ತರಿಸಲಿಲ್ಲ.

"ಹಿಡಿತ ಸಡಿಲ ಅದ," ಎಂದರು. "ಆದರ ಸುಳ್ಳಿಲ್ಲ."

ಅವತ್ತು ನಾವು ಮೂವರೂ ಹೊರಗಿನ ಬಂಡೆಯ ಮೇಲೆ ಕೂತು ಬಸಿಗೆ ಸುರಿದುಕೊಂಡು ಚಹಾ ಕುಡಿದೆವು. ಮಳೆ ಬರುವಂತಿತ್ತು, ಬರಲಿಲ್ಲ. ಗಾಳಿ ಮಾತ್ರ ಮಣ್ಣಿನ ವಾಸನೆ ತಂದಿತು. ಮೇಡಂ ಬಹಳ ಹೊತ್ತು ಕೃಷ್ಣೆಯ ದಿಕ್ಕಿಗೆ ನೋಡುತ್ತಿದ್ದರು. ಅವರ ಹೆಬ್ಬೆರಳು ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಅದನ್ನು ಹಾಗೆ ನೋಡಿದ್ದು ಅದೇ ಮೊದಲು.

ಆ ಸಡಿಲ ಹಿಡಿತವನ್ನು ಗಟ್ಟಿ ಮಾಡುವ ಕೆಲಸಕ್ಕೆ ದೊಡ್ಡ ಊರಿನ ದೊಡ್ಡ ಸಲಕರಣೆಗಳು ಬೇಕಿದ್ದವು. ಮಣಿಗಳನ್ನು ಒಂದೊಂದೇ ಬದಲಿಸಿ ನೋಡಬೇಕಂತೆ. ಅವರು ಆ ಸರವನ್ನು ಹೈದರಾಬಾದಿನ ಒಬ್ಬರಿಗೆ ಕಳಿಸಿಕೊಟ್ಟರು, ವಿದ್ಯಾರ್ಥಿನಿಯನ್ನೂ ಅದರ ಹಿಂದೆಯೇ ಕಳಿಸಿದರು. ಐಸಿನ ಪೆಟ್ಟಿಗೆ ಕಟ್ಟಿದವನು ನಾನು. ಮೇಡಂ ಕೂಡ ಹೋಗುವವರಿದ್ದರು. ಅಷ್ಟರಲ್ಲಿ ಅವರ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಕಾಣಿಸಿದಾಗಲೇ ತಡವಾಗಿತ್ತು. ಮಾನ್ವಿಯ ಮನೆಗೆ ಮಾತಾಡಿಸಲು ಹೋದರೆ ನನ್ನ ಅಂಗಡಿಯ ಕ್ಷೇಮ ಕೇಳುತ್ತಿದ್ದರು. ಒಮ್ಮೆ ಮಾತ್ರ, ಔಷಧಿಯ ಮಂಪರಿನಲ್ಲಿ, ನಿಮ್ಮ ಕಾಲುವೆಯ ಕನಸು ಇನ್ನೂ ಬೀಳುತ್ತದೆಯೇ ಎಂದು ಕೇಳಿದರು. ಬೀಳುತ್ತದೆ ಎಂದೆ. ನಿಜವಾಗಿ ಬೀಳುವುದು ನಿಂತು ಬಹಳ ದಿನವಾಗಿತ್ತು. ಅವರು ಕಣ್ಣು ಮುಚ್ಚಿ ಮುಗುಳ್ನಕ್ಕರು, ಈಗ ನನಗ ಬೀಳಾಕತ್ತದ ಎಂದರು.

ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಬಿಳಿಯ ಬ್ಲೌಸು, ಬಿಳಿಯ ಸೀರೆ ಉಟ್ಟ ಹೆಣ್ಣುಮಕ್ಕಳು ತ್ರಿಶರಣ ಹೇಳಿದರು. ಕಾಲೇಜಿನವರು ಬಂದಿದ್ದರು, ದೊಡ್ಡ ಸರ್ ಬಂದಿದ್ದರು, ಹೈದರಾಬಾದಿನಿಂದ ಆ ಹುಡುಗಿ ಬಂದಿದ್ದಳು. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಸಂಶೋಧನೆ, ಕೊಡುಗೆ, ತುಂಬಲಾರದ ನಷ್ಟ. ಪಟ್ಟಿ ಇನ್ನೂ ಯಾವ ದವಾಖಾನೆಗೂ ಬಂದಿಲ್ಲ, ಬರುತ್ತದೆ ಎಂದು ಖಂಡಿತ ಹೇಳುವವರೂ ಯಾರಿಲ್ಲ. ನಾನು ಹಿಂದೆ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಅಲ್ಲಿಂದ ಎಲ್ಲವೂ ನೀರಿನೊಳಗೆ ನಡೆದಂತೆ ಕಾಣುತ್ತಿತ್ತು.

ಜನ ಕರಗಿದ ಮೇಲೆ ತಾಯಿ ನನ್ನನ್ನು ಕೈಸನ್ನೆ ಮಾಡಿ ಕರೆದರು. ಒಂದು ಕಾಲನ್ನು ಮುಂದೆ ಚಾಚಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

"ಎಲ್ಲಾರೂ ದೊಡ್ಡ ದೊಡ್ಡ ಮಾತು ಹೇಳಿ ಹೋದ್ರಪ್ಪಾ. ನನಗೊಂದೂ ತಿಳೀಲಿಲ್ಲ. ಅಕಿ ಹುಡುಕಿದ್ದು ಅಕಿಗೆ ಸಿಕ್ಕಿತ್ತೋ, ಇಲ್ಲೋ?"

"ಸಿಕ್ಕಿತ್ತು ಯವ್ವಾ."

"ನನಗ ಸಮಾಧಾನ ಆಗ್ಲಿ ಅಂತ ಹೇಳಾಕತ್ತಿಯೇನು?"

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಇಂಥ ವಿಷಯದಲ್ಲಿ ಹೌದು ಎನ್ನಲು ಇಲ್ಲ ಎನ್ನಲು ನನಗೆ ಯಾವ ಅಧಿಕಾರವೂ ಇರಬಾರದಿತ್ತು. ಅವರ ಮಗಳು ಅದನ್ನು ನನಗೆ ಕೊಟ್ಟು ಹೋಗಿದ್ದರು.

"ಇಲ್ಲ ಯವ್ವಾ," ಎಂದೆ. "ನಾನ ನೋಡೀನಿ."